ಓದುಗರ ಪ್ರಶ್ನೆ: ಪರೀಕ್ಷಾಲಯದಲ್ಲಿ ಟೈರು, ರಸ್ತೆಯಲ್ಲಿ ಗಾಡಿ

ಹಿಂದಿನ ಸಂಚಿಕೆಯಲ್ಲಿ ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಅಕ್ಷರ, ಅಂಕಿಗಳನ್ನು ಓದುವ ಬಗೆಯನ್ನು ವಿವರಿಸಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಬಹುಪಾಲು, ಬೇರೆ ಬೇರೆ ಮಾತುಗಳಲ್ಲಿ, ಒಂದೇ ಸಂದೇಹವನ್ನು ಎತ್ತಿದ್ದವು: ಟೈರು ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸುವವರು ಅದನ್ನು ಗಾಡಿಗೆ ಹಾಕಿ ನೋಡುತ್ತಾರೆಯೆ, ಇಲ್ಲವೆ ಟೈರನ್ನಷ್ಟೇ ನೋಡುತ್ತಾರೆಯೆ? ಇಪ್ಪತ್ತು ವರ್ಷಕ್ಕೂ ಮಿಕ್ಕಿ ಟೈರು ಪರೀಕ್ಷೆಯ ಯಂತ್ರಗಳ ಪಕ್ಕದಲ್ಲಿ ನಿಂತು ಕೆಲಸ ಮಾಡಿದ ನನಗೆ ಈ ಪ್ರಶ್ನೆ ತೀರ ಹತ್ತಿರದ್ದು. ಆದ್ದರಿಂದ ಈ ಸಲದ ಪುಟಗಳನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಟೈರನ್ನು ಗಾಡಿಯಿಂದ ಬೇರೆಯಾಗಿಟ್ಟು, ಯಂತ್ರಕ್ಕೆ ಸಿಕ್ಕಿಸಿ ಉರುಳಿಸಿ ನೋಡಿದರೆ ಅದು ಕಾರಿನಡಿಯಲ್ಲಿ, ನಾಲ್ಕು ಜನರನ್ನು ಹೊತ್ತು ತಿರುವಿನಲ್ಲಿ ಹೇಗೆ ವರ್ತಿಸುತ್ತದೆ ಎಂಬುದು ಹೇಗೆ ತಿಳಿಯುತ್ತದೆ? ಪರೀಕ್ಷಾಲಯದ ಫಲಿತಾಂಶವನ್ನು ನಾವು ಎಷ್ಟರ ಮಟ್ಟಿಗೆ ನಂಬಬಹುದು? (ಹಾಸನದ ಉಪನ್ಯಾಸಕರೊಬ್ಬರು)

ಉತ್ತರ: ನಿಮ್ಮ ಸಂದೇಹ ನ್ಯಾಯವಾದದ್ದು. ಟೈರಿನ ಹಿಡಿತ ಇಷ್ಟು ಎಂದು ಹೇಳಬಹುದಾದ ಒಂದೇ ಅಂಕಿ ಎಲ್ಲಿಯೂ ಇಲ್ಲ. ಅದರ ಮೇಲೆ ಎಷ್ಟು ಭಾರ ಬಿದ್ದಿದೆ, ಅದು ಯಾವ ಕಡೆಗೆ ಎಷ್ಟು ವಾಲಿದೆ, ಒಳಗಿನ ಗಾಳಿ ಎಷ್ಟು, ರಬ್ಬರು ಎಷ್ಟು ಬಿಸಿಯಾಗಿದೆ ಎಂಬುದನ್ನು ಅನುಸರಿಸಿ ಹಿಡಿತ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಮತ್ತು ಇವುಗಳಲ್ಲಿ ಮೊದಲ ಎರಡನ್ನು ನಿರ್ಧರಿಸುವುದು ಗಾಡಿ. ಆದ್ದರಿಂದ ಪರೀಕ್ಷಾಲಯದಲ್ಲಿ ಕೇಳುವ ಪ್ರಶ್ನೆಯೇ ಬೇರೆ: ಗಾಡಿ ಈ ಟೈರನ್ನು ಯಾವ ಯಾವ ಸ್ಥಿತಿಗೆ ತಳ್ಳಬಹುದೋ ಅದರಲ್ಲಿ ಒಂದೊಂದರಲ್ಲೂ ಇದು ಎಷ್ಟು ಬಲ ಕೊಡುತ್ತದೆ?

ಮೊದಲು ಒಂದು ಸಣ್ಣ ಲೆಕ್ಕ. ಜನರೂ ಸಾಮಾನೂ ಸೇರಿ 1,600 ಕಿಲೋ ತೂಗುವ ಕಾರಿನ ಒಂದೊಂದು ಚಕ್ರದ ಮೇಲೆ ಸುಮಾರು 400 ಕಿಲೋ ಬೀಳುತ್ತದೆ. ಗಾಳಿಯ ಒತ್ತಡ 33 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋ. ಭಾರವನ್ನು ಒತ್ತಡದಿಂದ ಭಾಗಿಸಿದರೆ ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು 175 ಚದರ ಸೆಂಟಿಮೀಟರ್ ಎಂದು ಸಿಗುತ್ತದೆ. ಅಂದರೆ ಬೆರಳುಗಳನ್ನೂ ಸೇರಿಸಿ ಒಂದು ಅಂಗೈ ಅಗಲ. ಬ್ರೇಕಿನ ಬಲ, ತಿರುವಿನ ಬಲ, ಎಂಜಿನ್ನಿನ ಬಲ ಎಲ್ಲವೂ ಇಂಥ ನಾಲ್ಕು ಅಂಗೈಗಳ ಮೂಲಕವೇ ರಸ್ತೆಗೆ ದಾಟಬೇಕು.

ಈ ಅಂಗೈಯಗಲದ ಜಾಗದಲ್ಲಿ ನಡೆಯುವುದನ್ನು ಅಳೆಯಲು ಬಳಸುವ ಮುಖ್ಯ ಯಂತ್ರದಲ್ಲಿ ಎರಡು ದೊಡ್ಡ ಉರುಳೆಗಳ ನಡುವೆ ಬಿಗಿದ ಉಕ್ಕಿನ ಪಟ್ಟಿಯೊಂದು ರಸ್ತೆಯಂತೆ ಓಡುತ್ತದೆ. ಪಟ್ಟಿಯ ಮೇಲೆ ಮರಳುಕಾಗದದಂಥ ಒರಟು ಹೊದಿಕೆ ಇರುತ್ತದೆ. ಟೈರು ಒತ್ತುವ ಜಾಗದಲ್ಲಿ ಪಟ್ಟಿ ಕೆಳಕ್ಕೆ ಬಾಗದಂತೆ ಗಾಳಿಯ ಅಥವಾ ನೀರಿನ ತೆಳುಪದರ ಅಡಿಯಿಂದ ಆಸರೆ ಕೊಡುತ್ತದೆ. ರಿಮ್ಮಿಗೆ ಹಾಕಿದ ಟೈರನ್ನು ಮೇಲಿನಿಂದ ಇಳಿಸಿ, ಬೇಕಾದ ಭಾರವನ್ನು ಹೇರಿ, ಬೇಕಾದ ಕೋನಕ್ಕೆ ತಿರುಗಿಸಬಹುದು. ಚಕ್ರ ತಿರುಗುವ ಅಚ್ಚಿನ (ಆಕ್ಸಲಿನ) ಒಳಗಿರುವ ಸಂವೇದಕವು ಮೂರು ದಿಕ್ಕಿನ ಬಲಗಳನ್ನೂ ಮೂರು ದಿಕ್ಕಿನ ತಿರುಚುಬಲಗಳನ್ನೂ ಒಟ್ಟಿಗೆ ದಾಖಲಿಸುತ್ತದೆ. ಅಮೆರಿಕದ ಬಫಲೋ ನಗರದಲ್ಲಿ ಕ್ಯಾಲ್‌ಸ್ಪ್ಯಾನ್ ಸಂಸ್ಥೆ 1970ರ ದಶಕದಲ್ಲಿ ಸ್ಥಾಪಿಸಿದ ಯಂತ್ರ ಈ ಬಗೆಯವುಗಳಲ್ಲಿ ಹೆಸರಾದದ್ದು.

ಪಟ್ಟಿ ನೇರವಾಗಿ ಓಡುತ್ತಿರುವಾಗಲೇ ಟೈರನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಕೆಲವು ಡಿಗ್ರಿ ತಿರುಗಿಸುತ್ತಾರೆ. ಟೈರು ಮುಖ ಮಾಡಿರುವ ದಿಕ್ಕಿಗೂ ಅದು ನಿಜವಾಗಿ ಸಾಗುತ್ತಿರುವ ದಿಕ್ಕಿಗೂ ನಡುವೆ ಉಂಟಾಗುವ ಈ ಕೋನವನ್ನು ಜಾರುಕೋನ ಎಂದು ಕರೆಯೋಣ. ಒಂದೆರಡು ಡಿಗ್ರಿಯವರೆಗೆ ಅಡ್ಡಬಲವು ಕೋನದ ಜೊತೆಜೊತೆಗೆ ಏರುತ್ತದೆ. ಆಮೇಲೆ ಏರಿಕೆ ಮಂದವಾಗುತ್ತದೆ. ಒಣ ಮೇಲ್ಮೈಯಲ್ಲಿ ಸಾಮಾನ್ಯ ಕಾರಿನ ಟೈರು ಐದರಿಂದ ಹತ್ತು ಡಿಗ್ರಿಯೊಳಗೆ ತನ್ನ ಗರಿಷ್ಠವನ್ನು ಮುಟ್ಟಿ, ಬಳಿಕ ಜಾರಲು ತೊಡಗುತ್ತದೆ. ಯಂತ್ರದ ಬಳಿ ನಿಂತವರಿಗೆ ಇದು ಪರದೆಯ ಮೇಲಿನ ಗೆರೆಯಲ್ಲಿ ಕಾಣುವ ಮೊದಲೇ ಕಿವಿಗೆ ತಿಳಿಯುತ್ತದೆ: ಅಲ್ಲಿಯವರೆಗೆ ಒಂದೇ ಸಮನೆ ಗುಂಯ್‌ಗುಡುತ್ತಿದ್ದ ಸದ್ದು ಇದ್ದಕ್ಕಿದ್ದಂತೆ ಕೀರಲಾಗುತ್ತದೆ. ಪರೀಕ್ಷೆ ಮುಗಿದು ಟೈರನ್ನು ಮೇಲೆತ್ತಿದಾಗ ಅದರ ಭುಜದ ಅಂಚಿನ ಮೇಲೆ ಕೈ ಇಡಲಾಗದಷ್ಟು ಬಿಸಿ ಇರುತ್ತದೆ, ಅಲ್ಲಿನ ರಬ್ಬರು ಒಂದೇ ಕಡೆಗೆ ಬಾಚಿದ ಹಾಗೆ ಎದ್ದಿರುತ್ತದೆ, ಪಟ್ಟಿಯ ಇಕ್ಕೆಲಗಳಲ್ಲಿ ಮಕ್ಕಳು ಪೆನ್ಸಿಲ್ ಗೆರೆಯನ್ನು ಅಳಿಸಿದಾಗ ಉದುರುವಂಥ ಸಣ್ಣ ಸಣ್ಣ ಕಪ್ಪು ಸುರುಳಿಗಳು ಬಿದ್ದಿರುತ್ತವೆ.

ಅಡ್ಡಬಲದ ಗೆರೆಗಿಂತ ನನ್ನನ್ನು ಹೆಚ್ಚು ಸೆಳೆದದ್ದು ತಿರುಚುಬಲದ ಗೆರೆ. ತಿರುಗಿದ ಟೈರು ತನ್ನಷ್ಟಕ್ಕೆ ನೇರವಾಗಲು ಎಳೆಯುತ್ತದೆ. ತಿರುವಿನಲ್ಲಿ ಸ್ಟೀರಿಂಗ್ ಚಕ್ರ ನಮ್ಮ ಕೈಯಲ್ಲಿ ತೂಕವಾಗಿ ತೋರುವುದಕ್ಕೆ ಒಂದು ಮುಖ್ಯ ಕಾರಣ ಅದೇ. ಈ ಎಳೆತ ಗರಿಷ್ಠವಾಗುವುದು ಅಡ್ಡಬಲ ಗರಿಷ್ಠವಾಗುವುದಕ್ಕಿಂತ ಮೊದಲು, ಕೆಲವೇ ಡಿಗ್ರಿಗಳಲ್ಲಿ. ಆಮೇಲೆ ಎಳೆತ ಇಳಿಯುತ್ತ ಹೋಗುತ್ತದೆ, ಆದರೆ ಹಿಡಿತ ಇನ್ನೂ ಉಳಿದಿರುತ್ತದೆ. ಘಟ್ಟದ ತಿರುವಿನಲ್ಲಿ ವೇಗ ತುಸು ಹೆಚ್ಚಾಗಿ ಸ್ಟೀರಿಂಗ್ ಒಮ್ಮೆಲೇ ಹಗುರಾದಂತೆ ಕಂಡರೆ ಅದು ಟೈರು ಕೊಡುವ ಮುನ್ಸೂಚನೆ. ಅನುಭವಿ ಚಾಲಕರು ಕಾರಣ ತಿಳಿಯದೆಯೂ ಇದನ್ನು ಅಂಗೈಯಿಂದ ಓದುತ್ತಾರೆ. ಆದರೆ ಆ ಸೂಚನೆ ಅಂಗೈವರೆಗೆ ತಲುಪುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮುಂಚಕ್ರಗಳ ಜೋಡಣೆ ಮತ್ತು ಪವರ್ ಸ್ಟೀರಿಂಗ್. ಟೈರು ಎಷ್ಟೇ ಚೆನ್ನಾಗಿ ಹೇಳಿದರೂ ಗಾಡಿ ಅದನ್ನು ನುಂಗಿಬಿಡಬಹುದು.

ಇನ್ನೊಂದು ಗುಣ ಇದಕ್ಕಿಂತ ಮುಖ್ಯ. ಟೈರಿನ ಮೇಲಿನ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಇಮ್ಮಡಿಗಿಂತ ಸ್ವಲ್ಪ ಕಡಿಮೆಯೇ ಏರುತ್ತದೆ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ತಲಾ 400 ಕಿಲೋ ಹೊತ್ತ ಎರಡು ಮುಂಚಕ್ರಗಳು ತಲಾ 400 ಪಾಲಿನಂತೆ ಒಟ್ಟು 800 ಪಾಲು ಅಡ್ಡಬಲ ಕೊಡುತ್ತವೆ. ತಿರುವಿನಲ್ಲಿ ಕಾರು ಹೊರಕ್ಕೆ ವಾಲಿ ಹೊರಚಕ್ರದ ಮೇಲೆ 600, ಒಳಚಕ್ರದ ಮೇಲೆ 200 ಕಿಲೋ ಬಿದ್ದರೆ ಹೊರಚಕ್ರ 560, ಒಳಚಕ್ರ 215 ಕೊಟ್ಟೀತು, ಒಟ್ಟು 775. ಭಾರ ಅಷ್ಟೇ ಇದ್ದರೂ 25 ಪಾಲು ಹಿಡಿತ ಕಳೆದುಹೋಯಿತು. ಈ ನಷ್ಟ ಮುಂದಿನ ಜೋಡಿಯಲ್ಲಿ ಹೆಚ್ಚಾದರೆ ಕಾರು ತಿರುಗಲು ಒಪ್ಪದೆ ಹೊರಕ್ಕೆ ನೂಕುತ್ತದೆ, ಹಿಂದಿನ ಜೋಡಿಯಲ್ಲಿ ಹೆಚ್ಚಾದರೆ ಬಾಲ ಬೀಸುತ್ತದೆ. ಯಾವ ಜೋಡಿಗೆ ಎಷ್ಟು ಭಾರ ವರ್ಗವಾಗಬೇಕು ಎಂಬುದನ್ನು ಕಾರಿನ ಸ್ಪ್ರಿಂಗುಗಳು ಮತ್ತು ವಾಲುವಿಕೆಯನ್ನು ತಡೆಯುವ ಸರಳುಗಳು ನಿರ್ಧರಿಸುತ್ತವೆ. ಆದ್ದರಿಂದಲೇ ಯಂತ್ರದಲ್ಲಿ ಒಂದೇ ಟೈರನ್ನು ನಾಲ್ಕೈದು ಬೇರೆ ಬೇರೆ ಭಾರಗಳಲ್ಲಿ, ಬೇರೆ ಬೇರೆ ವಾಲುವಿಕೆಗಳಲ್ಲಿ ಮತ್ತೆ ಮತ್ತೆ ಓಡಿಸುತ್ತಾರೆ.

ಹೀಗೆ ಬಂದ ಸಾವಿರಾರು ಬಿಂದುಗಳನ್ನು ಕೆಲವೇ ಗುಣಾಂಕಗಳಿಗೆ ಇಳಿಸುವ ಸೂತ್ರವನ್ನು ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹಾನ್ಸ್ ಪಸೇಕಾ ಅವರು ವೋಲ್ವೋ ಕಂಪನಿಯ ಎಂಜಿನಿಯರರೊಂದಿಗೆ ಸೇರಿ 1987ರಲ್ಲಿ ಮುಂದಿಟ್ಟರು. ಅದು ಯಾವುದೇ ಭೌತ ನಿಯಮದಿಂದ ಹುಟ್ಟಿದ್ದಲ್ಲ, ಆದರೂ ಅಳತೆಯ ಗೆರೆಗೆ ಅಚ್ಚುಕಟ್ಟಾಗಿ ಹೊಂದುತ್ತದೆ. ಅದಕ್ಕೇ ಅದಕ್ಕೆ ಮ್ಯಾಜಿಕ್ ಫಾರ್ಮುಲಾ ಎಂಬ ಹೆಸರು ಅಂಟಿಕೊಂಡಿತು. ಇತ್ತ ಟೈರಿನ ಸೂತ್ರ ಸಿದ್ಧವಾಗುವಾಗ ಅತ್ತ ಕಾರನ್ನೇ ಮತ್ತೊಂದು ಯಂತ್ರದ ಮೇಲೆ ನಿಲ್ಲಿಸಿ, ಮೈಯನ್ನು ಬಿಗಿಹಿಡಿದು, ನಾಲ್ಕು ಚಕ್ರಗಳ ಅಡಿಯ ಹಲಗೆಗಳನ್ನು ಎತ್ತಿ, ಇಳಿಸಿ, ಅಡ್ಡಕ್ಕೆ ಎಳೆದು, ಚಕ್ರಗಳು ಎಷ್ಟು ಮಿಲಿಮೀಟರ್ ಸರಿದು ಎಷ್ಟು ಡಿಗ್ರಿ ತಿರುಗುತ್ತವೆ ಎಂದು ಅಳೆಯುತ್ತಾರೆ. ಈ ಎರಡು ಅಳತೆಗಳು ಕಂಪ್ಯೂಟರಿನಲ್ಲಿ ಕೂಡಿದ ಮೇಲೆಯೇ ಅದನ್ನು ಕಾರು ಎನ್ನಬಹುದು.

ಈಚಿನ ದಿನಗಳಲ್ಲಿ ಇವೆರಡನ್ನೂ ಒಂದೇ ಹೊತ್ತಿನಲ್ಲಿ ಜೋಡಿಸುವ ವ್ಯವಸ್ಥೆಯೂ ಬಂದಿದೆ. ಕಾರು ಕಂಪ್ಯೂಟರಿನೊಳಗೆ ಲೆಕ್ಕವಾಗಿ ಓಡುತ್ತಿರುತ್ತದೆ, ಟೈರು ಮಾತ್ರ ನಿಜವಾಗಿ ಪಟ್ಟಿಯ ಮೇಲೆ ಉರುಳುತ್ತಿರುತ್ತದೆ. ಲೆಕ್ಕದ ಕಾರು ತಿರುವಿಗೆ ಬಂದಾಗ ಆ ಗಳಿಗೆಯ ಭಾರ, ಕೋನ, ವೇಗಗಳನ್ನು ಯಂತ್ರ ನಿಜವಾದ ಟೈರಿನ ಮೇಲೆ ಹೇರುತ್ತದೆ. ಟೈರು ಕೊಟ್ಟ ಬಲವನ್ನು ತಕ್ಷಣ ಲೆಕ್ಕಕ್ಕೆ ಮರಳಿಸುತ್ತದೆ. ಟೈರಿಗೆ ಅಡ್ಡಬಲವನ್ನು ಪೂರ್ತಿ ಕಟ್ಟಿಕೊಳ್ಳಲು ಒಂದಷ್ಟು ದೂರ, ಸುಮಾರು ಅರ್ಧ ಮೀಟರಿನಷ್ಟು, ಉರುಳಬೇಕಾಗುತ್ತದೆ. ಹಠಾತ್ತನೆ ಲೇನ್ ಬದಲಿಸುವಾಗ ಈ ಚಿಕ್ಕ ತಡವೇ ಕಾರು ತೂಗಾಡುವುದಕ್ಕೂ ಸ್ಥಿರವಾಗಿ ನಿಲ್ಲುವುದಕ್ಕೂ ಇರುವ ವ್ಯತ್ಯಾಸವಾಗಬಹುದು. ಸೂತ್ರವೊಂದರಲ್ಲೇ ನೋಡುವವರಿಗೆ ಅಂಥ ಸೂಕ್ಷ್ಮಗಳು ಕೈತಪ್ಪುವ ಸಂಭವ ಹೆಚ್ಚು.

ಪ್ರಶ್ನೆ: ನಮ್ಮ ಕಾಲೇಜಿನ ವಿದ್ಯಾರ್ಥಿ ತಂಡ ಒಂದೇ ಆಸನದ ರೇಸ್ ಕಾರು ಕಟ್ಟುತ್ತಿದೆ. ಪರೀಕ್ಷಾಲಯದ ದತ್ತಾಂಶದಂತೆ ಲೆಕ್ಕ ಹಾಕಿದರೆ ಕಾರು ತಿರುವಿನಲ್ಲಿ ಪಡೆಯಬೇಕಾದ ವೇಗ ಮೈದಾನದಲ್ಲಿ ಎಂದೂ ಸಿಗುವುದಿಲ್ಲ. ತಪ್ಪು ನಮ್ಮದೆ? (ಬೆಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿನಿ)

ಉತ್ತರ: ತಪ್ಪು ನಿಮ್ಮದಲ್ಲ, ಮರಳುಕಾಗದದ್ದು. ವಿದ್ಯಾರ್ಥಿ ತಂಡಗಳಿಗೆಂದೇ ಬಫಲೋದ ಅದೇ ಯಂತ್ರದಲ್ಲಿ ಟೈರುಗಳನ್ನು ಅಳೆಸಿ ದತ್ತಾಂಶ ಹಂಚುವ ಒಕ್ಕೂಟವೊಂದು ಎರಡು ದಶಕಗಳಿಂದ ನಡೆಯುತ್ತಿದೆ. ಆ ಅಂಕಿಗಳನ್ನು ಬಳಸುವವರೆಲ್ಲರಿಗೂ ನಿಮ್ಮ ಅನುಭವವೇ ಆಗುತ್ತದೆ. ಶುಚಿಯಾದ, ಒರಟಾದ, ಒಂದೇ ಸಮನಾದ ಪಟ್ಟಿಯ ಮೇಲೆ ರಬ್ಬರು ಕೊಡುವ ಹಿಡಿತವು ದೂಳು ಕೂತ ಡಾಂಬರಿನ ಮೇಲೆ ಸಿಗುವುದಿಲ್ಲ. ತಂಡಗಳು ಪಟ್ಟಿಯ ಹಿಡಿತವನ್ನು ಸಾಮಾನ್ಯವಾಗಿ ಮೂರನೆಯ ಎರಡರಷ್ಟಕ್ಕೆ ಇಳಿಸಿ ಲೆಕ್ಕ ಹಾಕುತ್ತವೆ; ನಿಮ್ಮ ಮೈದಾನಕ್ಕೆ ತಕ್ಕ ಅಂಕಿಯನ್ನು ನೀವು ಕಾರನ್ನು ವೃತ್ತಾಕಾರದಲ್ಲಿ ಓಡಿಸಿ ಕಂಡುಕೊಳ್ಳಬೇಕು. ಆದರೆ ಗೆರೆಯ ಆಕಾರವನ್ನು, ಭಾರಕ್ಕೆ ತಕ್ಕಂತೆ ಅದು ಬದಲಾಗುವ ಬಗೆಯನ್ನು, ಎರಡು ಟೈರುಗಳ ನಡುವಿನ ತಾರತಮ್ಯವನ್ನು ಬಹುಮಟ್ಟಿಗೆ ನಂಬಬಹುದು. ಪರೀಕ್ಷಾಲಯದ ಬೆಲೆ ಇರುವುದು ಆ ಹೋಲಿಕೆಯಲ್ಲಿ.

ಪತ್ರದ ಕೊನೆಯಲ್ಲಿ ನೀವು ಡ್ರಮ್ಮಿನ ಬಗ್ಗೆಯೂ ಕೇಳಿದ್ದೀರಿ. ಬಾಳಿಕೆ ಮತ್ತು ಉರುಳುವಿಕೆಯ ಪ್ರತಿರೋಧದ ಪರೀಕ್ಷೆಗಳಿಗೆ ಪಟ್ಟಿಯ ಬದಲು ಉಕ್ಕಿನ ದೊಡ್ಡ ಡ್ರಮ್ಮಿನ ಹೊರಮೈಯನ್ನು ಬಳಸುತ್ತಾರೆ, ಏಕೆಂದರೆ ಅದು ದಿನಗಟ್ಟಲೆ ನಿಲ್ಲದೆ ಓಡಬಲ್ಲದು. ಹಳೆಯ ಡ್ರಮ್ಮುಗಳ ವ್ಯಾಸ 1.707 ಮೀಟರ್ ಎಂಬ ವಿಚಿತ್ರ ಅಂಕಿಯಾಗಿರುವುದಕ್ಕೆ ಕಾರಣವಿದೆ: ಅಂಥ ಡ್ರಮ್ಮು ಸರಿಯಾಗಿ 300 ಸುತ್ತು ತಿರುಗಿದರೆ ಒಂದು ಮೈಲಿ ಆಗುತ್ತದೆ. ಬಾಗಿದ ಮೇಲ್ಮೈಯಲ್ಲಿ ಟೈರು ಸಮತಟ್ಟಿನ ಮೇಲಿಗಿಂತ ಹೆಚ್ಚು ಒಳಕ್ಕೆ ಬಾಗುವುದರಿಂದ ಹೆಚ್ಚು ಬಿಸಿಯಾಗುತ್ತದೆ. ಆ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿಪಡಿಸಿಕೊಳ್ಳಬೇಕು.

ಪ್ರಶ್ನೆ: ಕಾರಿನ ಜೊತೆಗೆ ಬಂದಿದ್ದ ಟೈರುಗಳು ಸವೆದ ಮೇಲೆ ಅದೇ ಕಂಪನಿಯ, ಅದೇ ಹೆಸರಿನ, ಅದೇ ಅಳತೆಯ ಟೈರುಗಳನ್ನು ಹಾಕಿಸಿದೆ. ಕಾರು ಮೊದಲಿನಂತಿಲ್ಲ. ಅಂಗಡಿಯವರು ಅದು ನನ್ನ ಭ್ರಮೆ ಎನ್ನುತ್ತಾರೆ. (ಮಂಗಳೂರಿನ ಓದುಗರು)

ಉತ್ತರ: ಭ್ರಮೆ ಆಗಿರಬೇಕಾಗಿಲ್ಲ. ಹೊಸ ಕಾರು ರೂಪುಗೊಳ್ಳುವಾಗ ಕಾರಿನ ಕಂಪನಿ ಟೈರಿನ ಕಂಪನಿಗೆ ತನ್ನ ಬೇಡಿಕೆಗಳ ಪಟ್ಟಿ ಕೊಡುತ್ತದೆ: ಇಷ್ಟು ಅಡ್ಡಬಲ, ಇಷ್ಟರೊಳಗೆ ಉರುಳುವ ಪ್ರತಿರೋಧ, ಇಷ್ಟೇ ಸದ್ದು, ಗುಂಡಿಗೆ ಬಿದ್ದಾಗ ಇಷ್ಟೇ ಅದುರು. ಒಂದೊಂದಾಗಿ ನೋಡಿದರೆ ಸುಲಭವಾಗಿ ಕಾಣುವ ಬೇಡಿಕೆಗಳು ಒಟ್ಟಿಗೆ ಬಂದಾಗ ಒಂದನ್ನೊಂದು ಎಳೆಯುತ್ತವೆ. ಪರೀಕ್ಷಾಲಯ, ಪರೀಕ್ಷಾ ಪಥ, ಮತ್ತೆ ಪರೀಕ್ಷಾಲಯ ಎಂದು ಹಲವು ಸುತ್ತು ಓಡಾಡಿ ಆ ಕಾರಿಗೇ ಹೊಂದುವ ಟೈರು ಸಿದ್ಧವಾಗುತ್ತದೆ. ಹೆಸರು, ಹೊರಮೈಯ ಗೀರುಗಳ ವಿನ್ಯಾಸ ಒಂದೇ ಆಗಿದ್ದರೂ ಒಳಗಿನ ರಬ್ಬರಿನ ಮಿಶ್ರಣ ಮತ್ತು ಪದರಗಳ ಕೋನ ಬೇರೆ ಇರಬಹುದು. ಯುರೋಪಿನ ಕೆಲವು ಕಾರುಗಳ ಟೈರುಗಳಲ್ಲಿ ಇದನ್ನು ಬಹಿರಂಗವಾಗಿಯೇ ಗುರುತಿಸುತ್ತಾರೆ: ಬಿಎಂಡಬ್ಲ್ಯುಗೆ ನಕ್ಷತ್ರ, ಮರ್ಸಿಡಿಸ್‌ಗೆ ‘ಎಂಒ’, ಪೋರ್ಷೆಗೆ ‘ಎನ್’ ಅಕ್ಷರದ ಜೊತೆ ಒಂದು ಅಂಕಿ. ನಮ್ಮಲ್ಲಿ ಮಾರಾಟವಾಗುವ ಹೆಚ್ಚಿನ ಕಾರುಗಳ ಟೈರಿನ ಮೇಲೆ ಅಂಥ ಗುರುತು ಇರುವುದಿಲ್ಲ. ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಇಷ್ಟಾಗಿಯೂ, ಟೈರನ್ನು ದೂರುವ ಮೊದಲು ವೀಲ್ ಅಲೈನ್‌ಮೆಂಟ್ ಮತ್ತು ಗಾಳಿಯನ್ನು ಪರೀಕ್ಷಿಸಿಕೊಳ್ಳಿ. ಹೊಸ ಟೈರಿನ ಗುಬಟುಗಳು, ಅಂದರೆ ನೆಲಕ್ಕೆ ತಾಗುವ ರಬ್ಬರಿನ ಉಬ್ಬುಗಳು, ಎತ್ತರವಾಗಿರುವುದರಿಂದ ಮೊದಲ ದಿನಗಳಲ್ಲಿ ಸ್ಟೀರಿಂಗ್ ಸ್ವಲ್ಪ ಮೆತ್ತಗೆ ಅನ್ನಿಸುವುದು ಸಹಜ.

ಪ್ರಶ್ನೆ: ವಿದ್ಯುತ್ ಕಾರಿನ ನಾಲ್ಕೂ ಟೈರುಗಳನ್ನು ಬದಲಿಸಿದ ಮೇಲೆ ಒಂದು ಚಾರ್ಜಿಗೆ ಸಿಗುವ ದೂರ ಕಡಿಮೆಯಾಗಿದೆ, ಜೊತೆಗೆ ಕಾಂಕ್ರೀಟ್ ರಸ್ತೆಯಲ್ಲಿ ಒಂದು ಬಗೆಯ ಮೊರೆತ ಕೇಳಿಸುತ್ತದೆ. ಟೈರಿಗೂ ಬ್ಯಾಟರಿಗೂ ಇಷ್ಟು ಸಂಬಂಧವಿದೆಯೆ? (ಬೆಂಗಳೂರಿನ ವೈದ್ಯರೊಬ್ಬರು)

ಉತ್ತರ: ಬಹಳ ಇದೆ. ಉರುಳುವ ಟೈರು ನೆಲಕ್ಕೆ ತಾಗಿದಾಗ ಬಾಗಿ, ಮೇಲೆದ್ದಾಗ ಮತ್ತೆ ನೇರವಾಗುತ್ತದೆ. ಪ್ರತಿ ಸುತ್ತಿನಲ್ಲೂ ಒಂದಷ್ಟು ಶಕ್ತಿ ರಬ್ಬರಿನೊಳಗೆ ಶಾಖವಾಗಿ ಕಳೆದುಹೋಗುತ್ತದೆ. ಇದನ್ನು ಅಳೆಯಲು ಐಎಸ್ಒ 28580 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಟೈರನ್ನು 25 ಡಿಗ್ರಿಯ ಕೋಣೆಯಲ್ಲಿ, ಅದರ ಗರಿಷ್ಠ ಭಾರದ ಶೇ. 80ರಷ್ಟನ್ನು ಹೊರಿಸಿ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಡ್ರಮ್ಮಿನ ಮೇಲೆ ಓಡಿಸುತ್ತಾರೆ; ಅರ್ಧ ಗಂಟೆ ಓಡಿ ಬಿಸಿ ಒಂದು ಹದಕ್ಕೆ ಬಂದ ಮೇಲೆ ಅಳತೆ ತೆಗೆದುಕೊಳ್ಳುತ್ತಾರೆ. ನೂರಾರು ಕಿಲೋ ಭಾರದ ನಡುವೆ ಮೂರು ನಾಲ್ಕು ಕಿಲೋದಷ್ಟಿರುವ ಬಲವನ್ನು ಹೆಕ್ಕಿ ಅಳೆಯಬೇಕಾದ ಕೆಲಸ ಇದು, ತಕ್ಕಡಿಯ ಮೇಲೆ ಆನೆಯನ್ನು ನಿಲ್ಲಿಸಿ ಅದರ ಕಿವಿಯ ತೂಕ ಕೇಳಿದಂತೆ.

ಟೈರುಗಳಿಗೆ ದರ್ಜೆ ಕೊಡುವ ಯುರೋಪಿನ ಲೇಬಲ್ಲಿನಲ್ಲಿ ‘ಎ’ ಪಡೆಯಲು ಕಾರಿನ ಟೈರಿನ ಪ್ರತಿರೋಧ ಒಂದು ಟನ್ ಭಾರಕ್ಕೆ 6.5 ಕಿಲೋ ಮೀರಬಾರದು. ನಿಮ್ಮ ಕಾರು 1,500 ಕಿಲೋ ಇದ್ದು ಹಳೆಯ ಟೈರು 6.5ರದ್ದು, ಹೊಸದು 10ರದ್ದು ಎಂದುಕೊಳ್ಳಿ. 80 ಕಿಲೋಮೀಟರ್ ವೇಗದಲ್ಲಿ ಮೊದಲನೆಯದಕ್ಕೆ ಸುಮಾರು 2.1 ಕಿಲೋವ್ಯಾಟ್, ಎರಡನೆಯದಕ್ಕೆ ಸುಮಾರು 3.3 ಕಿಲೋವ್ಯಾಟ್ ಬೇಕು. ಗಂಟೆಯ ಓಟದಲ್ಲಿ ಒಂದು ಯೂನಿಟ್ಟಿಗೂ ಹೆಚ್ಚಿನ ವ್ಯತ್ಯಾಸ. ಆ 80 ಕಿಲೋಮೀಟರಿಗೆ ಒಟ್ಟು 12 ಯೂನಿಟ್ ಬಳಸುವ ಕಾರಿನಲ್ಲಿ ಇದು ಹತ್ತರಲ್ಲೊಂದು ಪಾಲು. ಪೆಟ್ರೋಲ್ ಎಂಜಿನ್ನು ತಾನೇ ಬಹಳಷ್ಟು ಶಕ್ತಿಯನ್ನು ಶಾಖವಾಗಿ ಚೆಲ್ಲುವುದರಿಂದ ಅದರಲ್ಲಿ ಟೈರಿನ ನಷ್ಟ ಕಣ್ಣಿಗೆ ಬೀಳುವುದಿಲ್ಲ. ವಿದ್ಯುತ್ ಮೋಟಾರು ಮಿತವ್ಯಯಿ, ಅದಕ್ಕೇ ಟೈರಿನ ದುಂದು ಎದ್ದು ಕಾಣುತ್ತದೆ. ಇನ್ನೊಂದು ಸಮಾಧಾನದ ಮಾತು: ದಪ್ಪ ಗುಬಟಿನ ಹೊಸ ಟೈರಿಗಿಂತ ಸವೆದ ಟೈರು ಹಗುರವಾಗಿ ಉರುಳುತ್ತದೆ, ಆದ್ದರಿಂದ ನೀವು ಕಳೆದುಕೊಂಡ ದೂರದಲ್ಲಿ ಒಂದು ಪಾಲು ಕಾಲಕ್ರಮೇಣ ಮರಳಿ ಸಿಗುತ್ತದೆ.

ಮೊರೆತದ ವಿಷಯ. ಟೈರಿನೊಳಗಿನ ಗಾಳಿಯು ಬಳೆಯಾಕಾರದ ಕೊಳವೆಯಲ್ಲಿರುವಂತೆ ಇದೆ. ಆ ಬಳೆಯ ಸುತ್ತಳತೆ 1.6 ಮೀಟರ್ ಎಂದುಕೊಂಡರೆ, ಸೆಕೆಂಡಿಗೆ 340 ಮೀಟರ್ ಸಾಗುವ ಸದ್ದು ಸೆಕೆಂಡಿಗೆ ಸುಮಾರು 212 ಸಲ ಅದನ್ನು ಸುತ್ತುತ್ತದೆ. ರಸ್ತೆಯ ಸಂದು, ಉಬ್ಬುಗಳು ತಟ್ಟಿದಾಗ ಟೈರು ಆ ಶ್ರುತಿಯಲ್ಲಿ ನುಡಿಯುತ್ತದೆ. ಪರೀಕ್ಷಾಲಯದಲ್ಲಿ ಡ್ರಮ್ಮಿಗೆ ಸಣ್ಣ ಉಕ್ಕಿನ ಪಟ್ಟಿಯೊಂದನ್ನು ಅಡ್ಡಲಾಗಿ ಕಟ್ಟಿ, ಟೈರು ಅದನ್ನು ಹಾಯುವಾಗ ಅಚ್ಚಿಗೆ ತಲುಪುವ ಕಂಪನವನ್ನು ದಾಖಲಿಸುತ್ತಾರೆ. ಆದರೆ ಆ ಕಂಪನ ನಿಮ್ಮ ಕಿವಿಗೆ ಬರುವುದು ಸಸ್ಪೆನ್ಷನ್ ಮತ್ತು ಕಾರಿನ ತಗಡುಗಳ ಮೂಲಕ. ತಗಡಿನ ಶ್ರುತಿಯೂ ಟೈರಿನ ಶ್ರುತಿಯೂ ಕೂಡಿಬಂದರೆ ತಂಬೂರಿಯ ತಂತಿಗೆ ಬುರುಡೆ ಸಿಕ್ಕಂತಾಗುತ್ತದೆ. ಅದೇ ಟೈರು ನಿಮ್ಮ ಪಕ್ಕದ ಮನೆಯ ಕಾರಿನಲ್ಲಿ ಮೌನವಾಗಿರಬಹುದು. ಕೆಲವು ತಯಾರಕರು ವಿದ್ಯುತ್ ಕಾರುಗಳಿಗೆಂದು ಟೈರಿನ ಒಳಮೈಗೆ ಫೋಮ್ ಅಂಟಿಸಿ ಕೊಡುವುದು ಇದಕ್ಕೇ.

ಪ್ರಶ್ನೆ: ಅಮೆರಿಕದಲ್ಲಿ ಫೋರ್ಡ್ ಕಾರುಗಳ ಫೈರ್‌ಸ್ಟೋನ್ ಟೈರುಗಳು ಕಿತ್ತು ಬಂದು ನೂರಾರು ಜನ ಸತ್ತರೆಂದು ಓದಿದ್ದೆ. ಆ ಟೈರುಗಳು ಪರೀಕ್ಷೆಯಲ್ಲಿ ಹೇಗೆ ತೇರ್ಗಡೆಯಾದವು? (ಶಿವಮೊಗ್ಗದ ನಿವೃತ್ತ ಶಿಕ್ಷಕರು)

ಉತ್ತರ: ಈ ಪ್ರಕರಣವನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ನನ್ನ ವೃತ್ತಿಯವರೇ ಉತ್ತರಿಸಬೇಕಾದ ಪ್ರಶ್ನೆ ಅದು. ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಎತ್ತರದ ಗಾಡಿಗೆ ಹಾಕುತ್ತಿದ್ದ ಫೈರ್‌ಸ್ಟೋನ್ ಟೈರುಗಳಲ್ಲಿ ಉಕ್ಕಿನ ತಂತಿಯ ಎರಡು ಪದರಗಳ ಅಂಚು ಬಿಸಿಗೆ ಬಿರುಕು ಬಿಟ್ಟು, ಓಟದ ನಡುವೆಯೇ ಮೇಲಿನ ಪದರ ಗುಬಟುಗಳ ಸಮೇತ ಕಳಚಿ ಹೋಗುತ್ತಿತ್ತು. 2000ದ ಆಗಸ್ಟ್‌ನಲ್ಲಿ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಲಾಯಿತು. ಅಮೆರಿಕದಲ್ಲಿ ಈ ಟೈರುಗಳೊಂದಿಗೆ ತಳಕು ಹಾಕಲಾದ ಸಾವುಗಳು 271. ಬಿಸಿಲು ಹೆಚ್ಚಿರುವ ದಕ್ಷಿಣದ ರಾಜ್ಯಗಳಲ್ಲಿ ಅಪಘಾತಗಳು ಹೆಚ್ಚಾಗಿದ್ದವು.

ಎರಡು ಕಂಪನಿಗಳು ಪರಸ್ಪರ ಬೆರಳು ತೋರಿಸಿದವು. ಫೋರ್ಡ್ ಆ ಗಾಡಿಗೆ ಸೂಚಿಸಿದ್ದ ಗಾಳಿ 26 ಪಿಎಸ್‌ಐ. ಗಾಳಿ ಕಡಿಮೆಯಾದಷ್ಟೂ ಟೈರು ಹೆಚ್ಚು ಬಾಗಿ ಹೆಚ್ಚು ಬಿಸಿಯಾಗುತ್ತದೆ, ಮಾಲೀಕರು ಗಾಳಿ ಹೊಡೆಸಲು ಮರೆತರೆ ಉಳಿಯುವ ಅಂತರವೂ ಕಿರಿದು. ಹಿಂದಿನ ಟೈರಿನ ಪದರ ಕಳಚಿದಾಗ ಹಿಂಬದಿಯ ಹಿಡಿತ ಹೋಗಿ ಗಾಡಿ ತಿರುಗಿ ಬೀಳುತ್ತದೆ ಎಂದು ಟೈರಿನ ಕಂಪನಿ ವಾದಿಸಿತು. ಸರ್ಕಾರಿ ಸುರಕ್ಷತಾ ಸಂಸ್ಥೆ ಕೊನೆಗೆ ದೋಷ ಟೈರಿನ ವಿನ್ಯಾಸದಲ್ಲಿದೆ ಎಂದಿತು; ಗಾಡಿಯ ಮೇಲೆ ಪ್ರತ್ಯೇಕ ತನಿಖೆ ಬೇಕೆಂಬ ಕೋರಿಕೆಯನ್ನು 2002ರಲ್ಲಿ ತಳ್ಳಿಹಾಕಿತು.

ಇನ್ನು ಪರೀಕ್ಷೆಯ ಮಾತು. ಆ ಟೈರುಗಳು ಮಾರುಕಟ್ಟೆಗೆ ಬಂದ ಕಾಲದಲ್ಲಿ ಅಲ್ಲಿ ಜಾರಿಯಲ್ಲಿದ್ದ ಕಾರು ಟೈರಿನ ಮಾನಕದ ಮೂಲ 1968ರದ್ದು, ಅಂದರೆ ಇಂದು ಕಾರುಗಳಲ್ಲಿ ಸಾಮಾನ್ಯವಾಗಿರುವ ರೇಡಿಯಲ್ ಬಗೆಯ ಟೈರುಗಳು ಅಲ್ಲಿ ಹರಡುವ ಮೊದಲಿನದು. ಅದರ ಬಾಳಿಕೆ ಪರೀಕ್ಷೆಯ ವೇಗ ಗಂಟೆಗೆ 80 ಕಿಲೋಮೀಟರ್, ಅವಧಿ 34 ಗಂಟೆ. ಹೆದ್ದಾರಿಯಲ್ಲಿ ಕಡಿಮೆ ಗಾಳಿಯಲ್ಲಿ, ಪೂರ್ತಿ ಭಾರದಲ್ಲಿ, 110ರ ವೇಗದಲ್ಲಿ ಗಾಡಿ ಓಡುತ್ತದೆಂಬುದನ್ನು ಆ ಪರೀಕ್ಷೆ ಕೇಳುತ್ತಲೇ ಇರಲಿಲ್ಲ. 2003ರಲ್ಲಿ ಪ್ರಕಟವಾದ ಹೊಸ ಮಾನಕದಲ್ಲಿ ಟೈರನ್ನು 38 ಡಿಗ್ರಿಯ ಕೋಣೆಯಲ್ಲಿ 120ರ ವೇಗದಲ್ಲಿ, ಭಾರವನ್ನು ಶೇ. 85ರಿಂದ 100ಕ್ಕೆ ಹಂತಹಂತವಾಗಿ ಏರಿಸುತ್ತ 34 ಗಂಟೆ, ಅಂದರೆ 4,000 ಕಿಲೋಮೀಟರಿಗೂ ಹೆಚ್ಚು ಓಡಿಸಬೇಕು. ಬಳಿಕ ಅದೇ ಟೈರಿನ ಗಾಳಿಯನ್ನು 140 ಕಿಲೋಪಾಸ್ಕಲ್‌ಗೆ, ಎಂದರೆ 20 ಪಿಎಸ್‌ಐಗೆ ಇಳಿಸಿ ಇನ್ನೂ ಒಂದೂವರೆ ಗಂಟೆ ಓಡಿಸಬೇಕು. ಆ ಕೊನೆಯ ಒಂದೂವರೆ ಗಂಟೆಯಲ್ಲಿ ಟೈರಿನ ಜೊತೆ ಅದರ ಮರೆಗುಳಿ ಮಾಲೀಕನೂ ಪರೀಕ್ಷೆಯ ಕೋಣೆಗೆ ಬಂದಂತಾಯಿತು. ಗಾಳಿ ಕಡಿಮೆಯಾದರೆ ಎಚ್ಚರಿಸುವ ದೀಪ ಅಲ್ಲಿನ ಎಲ್ಲ ಹೊಸ ಕಾರುಗಳಲ್ಲಿ ಕಡ್ಡಾಯವಾದದ್ದೂ ಇದೇ ದುರಂತದ ಫಲ.

ಪ್ರಶ್ನೆ: ಇಂಥ ಪರೀಕ್ಷೆಗಳು ನಮ್ಮ ದೇಶದಲ್ಲಿ ನಡೆಯುತ್ತವೆಯೆ? (ಮೈಸೂರಿನ ಓದುಗರು)

ಉತ್ತರ: ನಿಮ್ಮ ಊರಿನಲ್ಲೇ ನಡೆಯುತ್ತವೆ. ಹಿಂದಿನ ವಿಕ್ರಾಂತ್ ಟೈರ್ಸ್ ಕಾರ್ಖಾನೆಯನ್ನು 1997ರಲ್ಲಿ ತನ್ನದಾಗಿಸಿಕೊಂಡ ಜೆಕೆ ಟೈರ್ ಕಂಪನಿಯ ಸಂಶೋಧನಾ ಕೇಂದ್ರ ಮೈಸೂರಿನಲ್ಲಿದೆ. ಪುಣೆಯ ಎಆರ್‌ಎಐ, ಮಾನೇಸರದ ಐಸಿಎಟಿ, ಚೆನ್ನೈ ಬಳಿಯ ಒರಗಡಂ ಕೇಂದ್ರಗಳು ವಾಹನ ಪರೀಕ್ಷೆಗೆ ಹೆಸರಾದವು. ಇಂದೋರ್ ಬಳಿಯ ಪೀತಂಪುರದಲ್ಲಿ 11.3 ಕಿಲೋಮೀಟರ್ ಉದ್ದದ ಅತಿವೇಗದ ಪಥ 2021ರಲ್ಲಿ ತೆರೆಯಿತು. ಉರುಳುವ ಪ್ರತಿರೋಧ, ಒದ್ದೆ ರಸ್ತೆಯ ಹಿಡಿತ ಮತ್ತು ಸದ್ದಿಗೆ ಮಿತಿ ಹಾಕುವ ಎಐಎಸ್ 142 ಮಾನಕವನ್ನು ಕೇಂದ್ರ ಸರ್ಕಾರ 2022ರಲ್ಲಿ ಅಧಿಸೂಚನೆಯ ಮೂಲಕ ಕಡ್ಡಾಯದ ದಾರಿಗೆ ತಂದಿತು. ಈ ಮೂರರಲ್ಲಿ ಮೊದಲನೆಯದನ್ನು ಮಾತ್ರ ಕೋಣೆಯೊಳಗೆ ಡ್ರಮ್ಮಿನ ಮೇಲೆ ಅಳೆಯುತ್ತಾರೆ. ಉಳಿದೆರಡಕ್ಕೆ ಬಯಲಿನ ಪಥವೇ ಬೇಕು. ಸದ್ದಿನ ಪರೀಕ್ಷೆಯಲ್ಲಿ ಕಾರು ಎಂಜಿನ್ ಆರಿಸಿಕೊಂಡು ಮೈಕಿನ ಮುಂದೆ ತೇಲಿಹೋಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಹಿಡಿತ ಹೆಚ್ಚುತ್ತದೆಂದು ನಮ್ಮ ಕಡೆ ಹೇಳುತ್ತಾರೆ. ನಿಜವೆ? (ಶಿರಸಿಯ ಅಡಿಕೆ ಬೆಳೆಗಾರರು)

ಉತ್ತರ: ತೋಟದ ಕೆಸರಿನಲ್ಲಿ ನಿಜ, ನೀರು ನಿಂತ ಹೆದ್ದಾರಿಯಲ್ಲಿ ಅಪಾಯಕರ. ಟೈರು ವೇಗವಾಗಿ ನೀರಿನ ಮೇಲೆ ಹೋದಾಗ ಮುಂದಿನ ನೀರು ಪಕ್ಕಕ್ಕೆ ಸರಿಯಲು ಸಮಯ ಸಾಲದೆ ಅಡಿಗೆ ನುಗ್ಗಿ ಟೈರನ್ನು ಎತ್ತುತ್ತದೆ. ಅಮೆರಿಕದ ನಾಸಾ ಸಂಸ್ಥೆಯ ಲ್ಯಾಂಗ್ಲಿ ಕೇಂದ್ರದವರು ವಿಮಾನದ ಟೈರುಗಳನ್ನು ಪರೀಕ್ಷಿಸಿ 1960ರ ದಶಕದಲ್ಲಿ ಕೊಟ್ಟ ಸೂತ್ರದಂತೆ ಹೀಗೆ ತೇಲುವ ವೇಗ ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಕಾರಿಗೆ ಅದನ್ನು ಅಂದಾಜಾಗಿಯಷ್ಟೇ ಬಳಸಬೇಕು, ಆದರೂ ಲೆಕ್ಕ ನೋಡಿ: 33 ಪಿಎಸ್‌ಐ ಇದ್ದರೆ ಸುಮಾರು 96 ಕಿಲೋಮೀಟರ್ ವೇಗ, 25ಕ್ಕೆ ಇಳಿದರೆ ಸುಮಾರು 83. ಜರ್ಮನಿಯ ಕಾರ್ಲ್ಸ್‌ರೂ ತಾಂತ್ರಿಕ ಸಂಸ್ಥೆಯಲ್ಲಿ ಇದನ್ನು ಕೋಣೆಯೊಳಗೇ ನೋಡುವ ಏರ್ಪಾಡಿದೆ: 3.8 ಮೀಟರ್ ವ್ಯಾಸದ ಡ್ರಮ್ಮಿನ ಹೊರಗಲ್ಲ, ಒಳಮೈಯಲ್ಲಿ ಟೈರು ಓಡುತ್ತದೆ. ಒಳಮೈಗೆ ನಿಜವಾದ ರಸ್ತೆಯ ಹಾಸು ಕೂರಿಸಿ ನೀರು ಬಿಟ್ಟರೆ ಡ್ರಮ್ಮು ತಿರುಗುವ ರಭಸಕ್ಕೆ ನೀರು ಗೋಡೆಗೆ ಅಂಟಿಕೊಂಡು ಒಂದೇ ದಪ್ಪದ ಪದರವಾಗಿ ನಿಲ್ಲುತ್ತದೆ. ನಿಮ್ಮ ಕಾರಿಗೆ ಎಷ್ಟು ಗಾಳಿ ಬೇಕೆಂಬುದು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿದೆ. ಟೈರಿನ ಪಕ್ಕೆಯ ಮೇಲೆ ಬರೆದಿರುವುದು ಆ ಟೈರು ತಾಳಬಲ್ಲ ಗರಿಷ್ಠ, ನಿಮ್ಮ ಗಾಡಿಗೆ ಬೇಕಾದದ್ದಲ್ಲ.

ಪ್ರಶ್ನೆ: ಎರಡೇ ಹೊಸ ಟೈರು ಕೊಳ್ಳುವಷ್ಟು ಹಣವಿದೆ. ಎಂಜಿನ್ನಿನ ಬಲ ಹೋಗುವುದು ಮುಂದಿನ ಚಕ್ರಗಳಿಗೆ, ಆದ್ದರಿಂದ ಮುಂದಕ್ಕೆ ಹಾಕಿಸಲೆ? (ಕಲಬುರಗಿಯ ಟ್ಯಾಕ್ಸಿ ಚಾಲಕರು)

ಉತ್ತರ: ಹಿಂದಕ್ಕೆ ಹಾಕಿಸಿ. ಮುಂದಿನ ಟೈರು ಜಾರಿದರೆ ಕಾರು ನೇರಕ್ಕೆ ನೂಕುತ್ತದೆ. ನೀವು ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತೀರಿ, ಭಾರ ಮುಂದಕ್ಕೆ ಬರುತ್ತದೆ, ಹಿಡಿತ ಮರಳುತ್ತದೆ. ಹಿಂದಿನ ಟೈರು ಜಾರಿದಾಗಲೂ ಕಾಲು ತಾನಾಗಿ ಮೇಲೇಳುತ್ತದೆ, ಆದರೆ ಆಗ ಮುಂದಕ್ಕೆ ಸರಿಯುವ ಭಾರ ಹಿಂದೆ ಉಳಿದಿದ್ದ ಹಿಡಿತವನ್ನೂ ಕಸಿದುಕೊಂಡು ಕಾರನ್ನು ತಿರುಗಿಸಿಬಿಡುತ್ತದೆ. ಮುಂದೆ ಉಳಿಯುವ ಹಳೆಯ ಜೋಡಿಯ ಸಂದುಗಳಲ್ಲಿ ಸವೆತ ಸೂಚಕದ ಸಣ್ಣ ಉಬ್ಬುಗಳಿವೆ, ಅವುಗಳ ಎತ್ತರ 1.6 ಮಿಲಿಮೀಟರ್. ಗುಬಟು ಅವುಗಳ ಮಟ್ಟಕ್ಕೆ ಬಂದಿದ್ದರೆ ಆ ಜೋಡಿಯನ್ನೂ ಬದಲಿಸದೆ ಮಳೆಯಲ್ಲಿ ಗಾಡಿ ಹೊರಗೆ ತೆಗೆಯಬೇಡಿ.